ಊರ ಅಂಚಿನ ಕಸದ ರಾಶಿ: ತಡೆಯುವುದು ಹೇಗೆ, ದೂರುವುದು ಯಾರಿಗೆ?

ಮನೆಯನ್ನು ಗುಡಿಸಿ ಸಾರಿಸಿ, ನೀರನ್ನು ಕಾಯಿಸಿ ಆರಿಸಿ ಕುಡಿದು, ಮಕ್ಕಳಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸುವ ಕುಟುಂಬವೂ ರೋಗದಿಂದ ನರಳುವುದುಂಟು. ಕಾರಣವನ್ನು ಹುಡುಕುತ್ತಾ ಹೊರಟರೆ ಅದು ಅನೇಕ ವೇಳೆ ಹೊಸ್ತಿಲಿನ ಆಚೆ, ಕೆರೆಯ ಕೋಡಿಯಲ್ಲೋ ಸ್ಮಶಾನದ ದಾರಿಯಲ್ಲೋ ಹೆದ್ದಾರಿ ಬದಿಯ ಹಳ್ಳದಲ್ಲೋ ಬಿದ್ದಿರುವ ಕಸದ ರಾಶಿಯಲ್ಲಿ ದೊರೆಯುತ್ತದೆ. ಆ ರಾಶಿಯನ್ನು ಸುರಿದವರು ಹಲವು ವೇಳೆ ಆ ಊರಿನವರೇ ಆಗಿರುವುದಿಲ್ಲ. ಪಟ್ಟಣದ ಕಲ್ಯಾಣ ಮಂಟಪದ ಎಂಜಲೆಲೆ, ಕೋಳಿ ಅಂಗಡಿಯ ಪುಕ್ಕ ಮತ್ತು ಕರುಳು, ಒಡೆದ ಕಟ್ಟಡದ ಇಟ್ಟಿಗೆ ಚೂರು, ಹಳೆಯ ಟೈರು, ಕೆಲವೊಮ್ಮೆ ಚಿಕಿತ್ಸಾಲಯದ ಸೂಜಿ, ಇವೆಲ್ಲವೂ ರಾತ್ರಿಯ ವೇಳೆ ಟ್ರ್ಯಾಕ್ಟರುಗಳಲ್ಲಿ ಬಂದು ಇಳಿಯುತ್ತವೆ. ತಿಪ್ಪೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಸಗಣಿ, ಬೂದಿ, ತರಕಾರಿ ಸಿಪ್ಪೆ ಬಿದ್ದ ತಿಪ್ಪೆಯು ವರ್ಷಕ್ಕೊಮ್ಮೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಈಗಿನ ರಾಶಿಯು ಗೊಬ್ಬರವಾಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ.

ರೋಗ ಹರಡುವ ಬಗೆ

ಕಸದ ರಾಶಿಯಲ್ಲಿ ದುರ್ವಾಸನೆ ಬೀರುವ ವಸ್ತುವೇ ಅತ್ಯಂತ ಅಪಾಯಕಾರಿ ಎಂದು ಭಾವಿಸುವುದು ಸಹಜ. ವಾಸ್ತವವಾಗಿ ವಾಸನೆಯೇ ಇಲ್ಲದ ಟೈರು, ಎಳನೀರಿನ ಬುರುಡೆ, ಪ್ಲಾಸ್ಟಿಕ್ ಲೋಟಗಳೂ ಅಷ್ಟೇ ಕೇಡನ್ನು ಮಾಡಬಲ್ಲವು. ಇವುಗಳಲ್ಲಿ ನಿಂತ ಒಂದು ಹಿಡಿ ಮಳೆನೀರು ಡೆಂಗಿ ಮತ್ತು ಚಿಕುನ್‌ಗುನ್ಯ ಜ್ವರಗಳನ್ನು ಹರಡುವ ಈಡಿಸ್ ಸೊಳ್ಳೆಗೆ ಸಾಕು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನಗಳು ಬೇಕು. ನೀರು ಬತ್ತಿದ ಮೇಲೆಯೂ ಮೊಟ್ಟೆಗಳು ಟೈರಿನ ಒಳಮೈಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವಂತವಾಗಿದ್ದು ಮುಂದಿನ ಮಳೆಗೆ ಒಡೆಯುತ್ತವೆ. ಬೇಸಗೆಯಲ್ಲಿ ಒಣಗಿದಂತೆ ಕಾಣುವ ರಾಶಿಯನ್ನು ನಿರ್ಲಕ್ಷಿಸಬಾರದೆಂಬುದಕ್ಕೆ ಇದೇ ಕಾರಣ.

ಎಂಜಲು ಮತ್ತು ಮಾಂಸದ ತ್ಯಾಜ್ಯದ ಮೇಲೆ ನೊಣ ಒಂದು ಬಾರಿಗೆ ಸುಮಾರು ನೂರು ಮೊಟ್ಟೆಗಳನ್ನು ಇಡುತ್ತದೆ; ಅದೇ ಕಾಲಿನಿಂದ ಬಂದು ಮಗುವಿನ ಅನ್ನದ ತಟ್ಟೆಯ ಮೇಲೆ ಕುಳಿತುಕೊಳ್ಳುತ್ತದೆ. ವಾಂತಿ ಭೇದಿ, ಆಮಶಂಕೆಗಳು ಹೀಗೆ ಬರುತ್ತವೆ. ಆಹಾರವಿರುವೆಡೆ ಇಲಿಗಳು ಸೇರುತ್ತವೆ. ಅವುಗಳ ಮೂತ್ರ ಬೆರೆತ ನೀರಿನಲ್ಲಿ ಬರಿಗಾಲಿನಲ್ಲಿ ನಡೆಯುವವರಿಗೆ, ಕಾಲಿನ ಬಿರುಕು ಅಥವಾ ಗಾಯದ ಮೂಲಕ ಇಲಿ ಜ್ವರ ತಗಲುತ್ತದೆ. ಮಲೆನಾಡು ಮತ್ತು ಕರಾವಳಿಯ ಗದ್ದೆ ಕೆಲಸದವರು ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು. ಕೋಳಿಯ ತ್ಯಾಜ್ಯವನ್ನು ತಿಂದು ಬೆಳೆದ ಬೀದಿನಾಯಿಗಳ ಹಿಂಡು ಶಾಲೆಗೆ ಹೋಗುವ ಮಕ್ಕಳನ್ನು ಅಟ್ಟಿಸಿಕೊಂಡು ಬರುತ್ತದೆ. ನಾಯಿ ಕಚ್ಚಿದಲ್ಲಿ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಕಾರದ ಪುಡಿ ಹಚ್ಚಬಾರದು.

ರಾಶಿಗೆ ಬೆಂಕಿ ಹಚ್ಚುವುದು ಪರಿಹಾರವೆಂದು ಅನೇಕರು ನಂಬಿದ್ದಾರೆ. ಬೆಂಕಿಯು ಕಸವನ್ನು ಕಣ್ಣಿನಿಂದ ಮರೆಮಾಡಿ ಶ್ವಾಸಕೋಶಕ್ಕೆ ಸಾಗಿಸುತ್ತದೆ, ಅಷ್ಟೆ. ಪಿ.ವಿ.ಸಿ. ಪೈಪು, ತಂತಿಯ ಹೊದಿಕೆಗಳು ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹೊರಡುತ್ತದೆ. ಗರ್ಭಿಣಿಯರು, ಎಳೆಯ ಮಕ್ಕಳು, ಉಬ್ಬಸದ ರೋಗಿಗಳಿರುವ ಮನೆಯ ಸಮೀಪದಲ್ಲಿ ಈ ಹೊಗೆ ಬಹಳ ಹಾನಿಕರ.

ಅಧಿಕೃತವಾಗಿ ಕಸ ಹಾಕುವ ಸ್ಥಳವೂ ಮಿತಿ ಮೀರಿ ಬೆಳೆದರೆ ಏನಾಗುತ್ತದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2019ರ ಆಗಸ್ಟ್ ತಿಂಗಳಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡವು ಭಾರಿ ಮಳೆಗೆ ಜರಿದು, ಕೆಳಗಿನ ಮಂದಾರ ಎಂಬ ಪ್ರದೇಶದ ಅಡಿಕೆ ತೆಂಗಿನ ತೋಟಗಳನ್ನು ಆವರಿಸಿತು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಹಿಂದೆ ಬೆಂಗಳೂರಿನ ಕಸವನ್ನು ಹೊತ್ತ ಮಂಡೂರಿನ ಜನರು ವರ್ಷಗಟ್ಟಲೆ ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಗೆ ಲಾರಿಗಳು ಬರುವುದು ನಿಂತಿತು. ಎಲ್ಲ ರಾಶಿಗಳೂ ಮೊದಲಿಗೆ ಒಂದು ಟ್ರ್ಯಾಕ್ಟರಿನಷ್ಟೇ ಇರುತ್ತವೆ. ಆಗಲೇ ಕೇಳುವುದು ಸುಲಭ.

ಕಾನೂನು ಏನನ್ನು ಹೇಳುತ್ತದೆ?

ಪಟ್ಟಣಗಳ ಘನತ್ಯಾಜ್ಯದ ಬಗ್ಗೆ ಕೇಂದ್ರ ಸರ್ಕಾರವು 2000ದಲ್ಲಿ ನಿಯಮಗಳನ್ನು ಮಾಡಿತು. 2016ರಲ್ಲಿ ಹೊರಟ ನಿಯಮಗಳು ಕಸವನ್ನು ಹಸಿ, ಒಣ ಮತ್ತು ಮನೆಬಳಕೆಯ ಅಪಾಯಕಾರಿ ವಸ್ತುಗಳೆಂದು ಮೂರಾಗಿ ಬೇರ್ಪಡಿಸಲು ವಿಧಿಸಿದುವಲ್ಲದೆ, ಬೀದಿ, ಚರಂಡಿ, ಕೆರೆ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಅದನ್ನು ಎಸೆಯುವುದನ್ನೂ ಸುಡುವುದನ್ನೂ ಹೂಳುವುದನ್ನೂ ನಿಷೇಧಿಸಿದುವು. ಆಸ್ಪತ್ರೆ ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮಗಳಿವೆ. ಅದನ್ನು ತುಂಬುವ ಹಳದಿ, ಕೆಂಪು ಚೀಲಗಳ ಮೇಲೆ ಬಾರ್‌ಕೋಡ್ ಇರಬೇಕು. ಚೀಲ ಎಲ್ಲಿಂದ ಹೊರಟಿತೆಂಬುದನ್ನು ಅದರಿಂದ ತಿಳಿಯಬಹುದು. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಆಸ್ಪದ ಕೊಡುವವರಿಗೆ ದಂಡವನ್ನು ಗೊತ್ತುಪಡಿಸಿತು.

“ಪುರಸಭೆಯಲ್ಲಿ ಹಣವಿಲ್ಲ” ಎಂಬ ಉತ್ತರವನ್ನು ನೀವು ಕೇಳಿರಬಹುದು. ಮಧ್ಯಪ್ರದೇಶದ ರತ್ಲಾಮ್ ನಗರದ ಒಂದು ಬಡಾವಣೆಯ ಜನರು ತೆರೆದ ಚರಂಡಿ ಮತ್ತು ಹೊಲಸಿನ ವಿರುದ್ಧ ಮ್ಯಾಜಿಸ್ಟ್ರೇಟರ ಮೊರೆಹೊಕ್ಕರು. ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ನೀಡಿದ ತೀರ್ಪಿನಂತೆ, ಹಣದ ಕೊರತೆಯನ್ನು ಮುಂದಿಟ್ಟು ಪುರಸಭೆಯು ಈ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ. ಅಂದು ಆ ಜನರು ಆಶ್ರಯಿಸಿದ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೆಯ ಕಲಮಾಗಿ ಮುಂದುವರಿದಿದೆ. ಸಾರ್ವಜನಿಕ ಉಪದ್ರವವನ್ನು ತೆಗೆಸಲು ಉಪವಿಭಾಗಾಧಿಕಾರಿಗಳು ಇದರನ್ವಯ ಆದೇಶ ನೀಡಬಲ್ಲರು.

ದೂರು ಕೊಡುವ ಕ್ರಮ

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ, ಬರಹದಲ್ಲಿ ಕೊಡಿರಿ. ಹಳ್ಳಿಯಲ್ಲಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ, ಪಟ್ಟಣದಲ್ಲಾದರೆ ಪುರಸಭೆಯ ಮುಖ್ಯಾಧಿಕಾರಿಗೂ ಅರ್ಜಿ ಸಲ್ಲಬೇಕು. ಒಂದು ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಕೊಡಿರಿ. ಸೂಜಿ, ಸಿರಿಂಜು, ರಕ್ತದ ಬಟ್ಟೆ ಅಥವಾ ಕಾರ್ಖಾನೆಯ ರಾಸಾಯನಿಕ ಕಂಡುಬಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ತಿಳಿಸುವುದು ಅವಶ್ಯ. ಅಂಥ ಚೀಲಗಳನ್ನು ಮುಟ್ಟಬೇಡಿರಿ, ಮಕ್ಕಳನ್ನು ಹತ್ತಿರ ಬಿಡಬೇಡಿರಿ, ಅಧಿಕಾರಿಗಳು ಬಂದು ಮಹಜರು ಮಾಡುವವರೆಗೆ ಕದಲಿಸಬೇಡಿರಿ.

“ಊರು ಹೊಲಸಾಗಿದೆ, ದಯವಿಟ್ಟು ಕ್ರಮ ಕೈಗೊಳ್ಳಿ” ಎಂದಷ್ಟೇ ಬರೆದ ಅರ್ಜಿಯಿಂದ ಪ್ರಯೋಜನ ಕಡಿಮೆ. ಹೀಗೆ ಬರೆಯಬಹುದು:

“ನಮ್ಮ ಗ್ರಾಮದ ಕೆರೆಯ ಪೂರ್ವ ದಂಡೆಯಲ್ಲಿ, ಕುಡಿಯುವ ನೀರಿನ ಬಾವಿಯಿಂದ ಸುಮಾರು ನಲವತ್ತು ಮಾರು ದೂರದಲ್ಲಿ, ಕಳೆದ ಮೂರು ವಾರಗಳಿಂದ ರಾತ್ರಿ ಹತ್ತು ಗಂಟೆಯ ನಂತರ ಟ್ರ್ಯಾಕ್ಟರಿನಲ್ಲಿ ಕಸ ತಂದು ಸುರಿಯಲಾಗುತ್ತಿದೆ. ಸುರಿದ ದಿನಾಂಕಗಳು, ವಾಹನದ ಸಂಖ್ಯೆ ಮತ್ತು ಛಾಯಾಚಿತ್ರಗಳನ್ನು ಲಗತ್ತಿಸಿದೆ. ಮಳೆನೀರು ಈ ರಾಶಿಯಿಂದ ಬಾವಿಯ ಕಡೆಗೆ ಇಳಿಯುತ್ತದೆ. ಕಸವನ್ನು ತೆಗೆಸಿ, ಸುರಿದವರಿಗೆ ದಂಡ ವಿಧಿಸಿ, ಬಾವಿಯ ನೀರನ್ನು ಪರೀಕ್ಷಿಸಬೇಕೆಂದು ಕೋರುತ್ತೇವೆ.”

ಹತ್ತಾರು ಮನೆಯವರು ಸಹಿ ಮಾಡಿದರೆ ಒಬ್ಬರ ಮೇಲೆ ಹಗೆ ಬರುವ ಸಂಭವ ಕಡಿಮೆ. ನಕಲು ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕವನ್ನು ಪಡೆಯಲು ಸಂಕೋಚಪಡಬೇಡಿರಿ. ತಿಂಗಳೊಳಗೆ ಹಿಂಬರಹ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರ ಮೂಲಕ ಅರ್ಜಿಯ ಗತಿಯನ್ನು ಕೇಳಬಹುದು. ಗ್ರಾಮಸಭೆಯಲ್ಲಿ ವಿಷಯವನ್ನೆತ್ತಿ ನಡಾವಳಿಯಲ್ಲಿ ಬರೆಸಬಹುದು. ರಾತ್ರಿ ವೇಳೆ ಒಂಟಿಯಾಗಿ ಹೋಗಿ ವಾಹನವನ್ನು ಅಡ್ಡಗಟ್ಟುವ ಸಾಹಸ ಮಾತ್ರ ಬೇಡ. ದೂರದಿಂದ ಸಂಖ್ಯೆಯನ್ನು ಗುರುತಿಸಿಕೊಂಡು ಪೊಲೀಸರಿಗೆ ತಿಳಿಸಿದರೆ ಸಾಕು.

ಮತ್ತೆ ಬೀಳದಂತೆ

ತೆರವುಗೊಳಿಸಿದ ಸ್ಥಳವನ್ನು ಹಾಗೆಯೇ ಬಿಟ್ಟರೆ ವಾರದೊಳಗೆ ಹೊಸ ರಾಶಿ ಬೀಳುತ್ತದೆ. ಗೋಡೆಗೆ ದೇವರ ಪಟ ಅಂಟಿಸುವ ಪದ್ಧತಿ ನಮ್ಮಲ್ಲುಂಟು. ಕಸವು ದೇವರಿಗೆ ಹೆದರಿ ಹತ್ತು ಮಾರು ಆಚೆ ಬೀಳುತ್ತದೆ. ಅದಕ್ಕಿಂತ ಒಂದು ಬೀದಿ ದೀಪ, ಟ್ರ್ಯಾಕ್ಟರು ನುಗ್ಗದಂತೆ ಒಂದು ಕಂದಕ, ಹೊಂಗೆ ಬೇವಿನ ನಾಲ್ಕು ಗಿಡ ಹೆಚ್ಚು ಉಪಯುಕ್ತ. ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿ ನಿಮ್ಮ ಬೀದಿಗೆ ಬರುತ್ತಿದ್ದಲ್ಲಿ ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಬೇರೆಯಾಗಿಯೇ ಕೊಡಿರಿ. ಮಕ್ಕಳ ಡೈಪರು, ಬಳಸಿದ ನ್ಯಾಪ್ಕಿನ್ನುಗಳನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಕೊಡಬೇಕು. ಅವನ್ನು ಬರಿಗೈಯಲ್ಲಿ ಬಿಡಿಸುವವರೂ ಯಾರೋ ಒಬ್ಬರ ತಾಯಿಯೇ. ಸಕ್ಕರೆ ಕಾಯಿಲೆಗೆ ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು, ಎಲ್ಲಿಗೆ ಒಪ್ಪಿಸಬೇಕೆಂಬುದನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಬೇಕು.

ದೂರು ಇತ್ಯರ್ಥವಾಗುವವರೆಗೆ ಬಾವಿಯ ನೀರಿನ ವಿಷಯದಲ್ಲಿ ಎಚ್ಚರ ಅಗತ್ಯ. ಸಾವಿರ ಲೀಟರು ನೀರಿಗೆ ಸುಮಾರು ಎರಡೂವರೆ ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿಯ ಪ್ರಮಾಣದಲ್ಲಿ, ಆರೋಗ್ಯ ಸಹಾಯಕರ ಮಾರ್ಗದರ್ಶನದಲ್ಲಿ ರಾತ್ರಿ ಬೆರೆಸಿ ಬೆಳಿಗ್ಗೆ ನೀರು ಸೇದಬಹುದು. ಇದು ರೋಗಾಣುಗಳನ್ನು ಕೊಲ್ಲುತ್ತದೆಯೇ ಹೊರತು ಕಸದಿಂದ ಇಳಿದ ರಾಸಾಯನಿಕಗಳನ್ನು ತೆಗೆಯುವುದಿಲ್ಲ. ನೀರಿನ ಬಣ್ಣ, ರುಚಿ ಅಥವಾ ವಾಸನೆ ಬದಲಾಗಿದ್ದರೆ ಕಾಯಿಸಿ ಕುಡಿಯುವುದೂ ಸಾಲದು. ಪರೀಕ್ಷೆಯ ವರದಿ ಬರುವವರೆಗೆ ಕುಡಿಯಲು, ಅಡುಗೆಗೆ ಬೇರೆ ನೀರನ್ನು ಬಳಸಿರಿ. ಆ ನೀರನ್ನು ಒದಗಿಸಬೇಕೆಂದು ಪಂಚಾಯಿತಿಗೆ ಕೊಡುವ ಅರ್ಜಿಯಲ್ಲಿಯೇ ಒಂದು ಸಾಲು ಸೇರಿಸಿರಿ.