ಮಕ್ಕಳೂ ಸ್ವಚಿತ್ರವೂ

ತನ್ನ ಮುಖವನ್ನು ತಾನೇ ಬರೆದುಕೊಂಡ ಚಿತ್ರಕ್ಕೆ ಸ್ವಚಿತ್ರವೆಂದು ಹೆಸರು. ಅದು ದೊಡ್ಡ ಕಲಾವಿದರ ವಿಲಾಸ, ಹಳ್ಳಿಯ ಮಕ್ಕಳಿಗೆ ಅದರಿಂದೇನು ಪ್ರಯೋಜನವೆಂದು ಮಿತ್ರರು ಕೇಳುವುದುಂಟು. ಜರ್ಮನಿಯ ಡ್ಯೂರರ್ 1484ರಲ್ಲಿ ಕನ್ನಡಿ ನೋಡಿಕೊಂಡು ತನ್ನ ಚಿತ್ರವನ್ನು ಬರೆದಾಗ ಅವನಿಗೆ ಕೇವಲ 13 ವರ್ಷ. ಆದ್ದರಿಂದ ಇದು ಮಕ್ಕಳ ಕೈಗೆ ಮೀರಿದ ವಿದ್ಯೆಯಲ್ಲ.

ರಜೆಯ ದಿನಗಳಲ್ಲಿ ನಾನು ಎನ್. ಬೇಗೂರಿನ ಕಡೆಯ ಮಕ್ಕಳಿಗೆ ಚಿತ್ರ ಬರೆಯುವುದನ್ನು ಹೇಳಿಕೊಡುತ್ತಿರುತ್ತೇನೆ. ಅವರಲ್ಲಿ ಊರಿನ ಮಕ್ಕಳೂ ಉಂಟು, ಕಾಡಂಚಿನ ಹಾಡಿಗಳ ಜೇನುಕುರುಬರ ಮಕ್ಕಳೂ ಉಂಟು. ನಿಮ್ಮನ್ನು ನೀವೇ ಬರೆಯಿರಿ ಎಂದರೆ ಹೆಚ್ಚಿನವರು ಪೆಟ್ಟಿಗೆಯಿಂದ ತೆಗೆಯುವುದು ನಸುಗೆಂಪು ಕಡ್ಡಿಯನ್ನೇ. ಏಕೆಂದು ಕೇಳಿದರೆ, “ಇದೇ ಸ್ಕಿನ್ ಕಲರ್ ಅಲ್ವಾ ಅಣ್ಣಾ?” ಎನ್ನುತ್ತಾರೆ. ಕಪ್ಪು ಮೈಯ ಹುಡುಗನಿಗೆ ತನ್ನ ಮೈಯ ಬಣ್ಣವೇ ಮೈಬಣ್ಣವಲ್ಲವೆಂದು ಕಲಿಸಿದವರು ಯಾರು? ಬಾಯಿಬಿಟ್ಟು ಯಾರೂ ಕಲಿಸಿಲ್ಲ; ಗೋಡೆಯ ಜಾಹೀರಾತು, ಸಿನಿಮಾ, ಬಣ್ಣದ ಪೆಟ್ಟಿಗೆ ಎಲ್ಲವೂ ಕೂಡಿ ಕಲಿಸಿವೆ. ಅಮೆರಿಕೆಯ ಕ್ರೆಯೋಲಾ ಕಡ್ಡಿಗಳಲ್ಲಿಯೂ ಇಂಥದೊಂದು ಬಣ್ಣಕ್ಕೆ ‘ಮೈಬಣ್ಣ’ವೆಂಬ ಅರ್ಥದ ಹೆಸರೇ ಇತ್ತು; 1962ರಲ್ಲಿ ಅದನ್ನು ತೆಗೆದು ಪೀಚ್ ಹಣ್ಣಿನ ಹೆಸರನ್ನು ಇಟ್ಟರು.

ಪ್ರಾತಿನಿಧ್ಯವೆಂಬ ದೊಡ್ಡ ಮಾತಿನ ಅರ್ಥ ಇಲ್ಲಿಯೇ ಇದೆ. ಮದರಾಸಿನ ವಸ್ತುಸಂಗ್ರಹಾಲಯದ ಅಧಿಕಾರಿಯಾಗಿದ್ದ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು 7 ಸಂಪುಟಗಳನ್ನು ಹೊರತಂದನು. ಜನರ ಮೂಗಿನ ಅಗಲವನ್ನೂ ತಲೆಯ ಉದ್ದವನ್ನೂ ಅಳೆದು ಬರೆದಿಟ್ಟವನು ಅವನು. ಅಂಥ ಗ್ರಂಥಗಳಲ್ಲಿ ಮುಖವಿದೆ, ಆ ಮುಖದವನ ಮಾತಿಲ್ಲ. ಇಂದಿಗೂ ಕಾಡು ನೋಡಲು ಬಂದವರು ಹಾಡಿಯ ಮಗುವಿನ ಫೋಟೋ ತೆಗೆದುಕೊಂಡು ಹೊರಟುಹೋಗುವುದುಂಟು. ಮಗುವಿನ ಕೈಗೆ ಅದು ಬರುವುದಿಲ್ಲ. ಸ್ವಚಿತ್ರದಲ್ಲಾದರೋ ನೋಡುವವನೂ ನೋಡಿಸಿಕೊಳ್ಳುವವನೂ ಒಬ್ಬನೇ.

ಪಾಠದ ಕ್ರಮ ಸರಳವಾದುದು. ಮೊದಲು ಸಣ್ಣದೊಂದು ಕನ್ನಡಿ. ಮಕ್ಕಳು ಸಾಮಾನ್ಯವಾಗಿ ಕಣ್ಣುಗಳನ್ನು ಹಣೆಯ ಮೇಲ್ಭಾಗಕ್ಕೆ ಏರಿಸಿಬಿಡುತ್ತಾರೆ. ನೆತ್ತಿಯಿಂದ ಕಣ್ಣಿಗೆ, ಕಣ್ಣಿನಿಂದ ಗದ್ದಕ್ಕೆ ಬೆರಳಿನಿಂದ ಅಳೆಸಿದರೆ, ಕಣ್ಣುಗಳಿರುವುದು ತಲೆಯ ನಡುಮಟ್ಟದಲ್ಲಿ ಎಂಬುದನ್ನು ತಾವೇ ಕಂಡುಕೊಳ್ಳುತ್ತಾರೆ. ಎರಡನೆಯದು ಬಣ್ಣ. ಕೆಂಪು, ಹಳದಿ, ನೀಲಿಗಳನ್ನು ಬೆರಸಿದರೆ ಕಂದುಬಣ್ಣ ಬರುತ್ತದೆ. ಪ್ರಮಾಣವನ್ನು ಹೆಚ್ಚುಕಡಮೆ ಮಾಡುತ್ತ, ಒಂದೊಂದು ತೊಟ್ಟನ್ನು ಮುಂಗೈಯ ಮೇಲಿಟ್ಟು ನೋಡುತ್ತ, ಪ್ರತಿಯೊಬ್ಬನೂ ತನ್ನ ಬಣ್ಣವನ್ನು ಹುಡುಕಿಕೊಳ್ಳಬೇಕು. ಆಗ ಒಂದೇ ಬೆಂಚಿನ ಇಬ್ಬರ ಬಣ್ಣವೂ ಒಂದೇ ಅಲ್ಲವೆಂದು ತಿಳಿದು, ‘ಕರಿಯ’ನೆಂಬ ಬೈಗುಳಕ್ಕೆ ಇದ್ದ ಬಲ ಅರ್ಧ ಇಳಿದುಹೋಗುತ್ತದೆ.

ಮೂರನೆಯದೇ ಕಠಿನವಾದುದು. ಚಿತ್ರದಲ್ಲಿ ನಿನ್ನ ಜೊತೆಗೆ ಏನಿರಬೇಕು ಎಂದು ಕೇಳಿ ಉಪಾಧ್ಯಾಯನು ಸುಮ್ಮನಿರಬೇಕು. ಜೇನುಕುರುಬರ ಹುಡುಗನೆಂದು ಅವನಿಂದ ಜೇನುಹುಟ್ಟನ್ನೇ ಬರೆಯಿಸುವುದು ಥರ್ಸ್ಟನ್ನನ ಅಳತೆಪಟ್ಟಿಯ ಇನ್ನೊಂದು ರೂಪ. ಅವನು ಜೇನನ್ನು ಬರೆಯಲಿ, ಕೋಟೆಯ ಬಸ್ಸನ್ನು ಬರೆಯಲಿ, ಕ್ರಿಕೆಟ್ ಬ್ಯಾಟನ್ನು ಬರೆಯಲಿ. ಆರಿಸಿದವನು ಅವನಾದರೆ ಅದೆಲ್ಲವೂ ಅವನೇ.

ನಮ್ಮ ಸಹಪಾಠಿಗಳಲ್ಲಿ ಹಲವರು ಮುಂದೆ ಉಪಾಧ್ಯಾಯರಾಗುವವರು. ಅವರಲ್ಲಿ ನನ್ನದೊಂದೇ ವಿಜ್ಞಾಪನೆ: ಮಗು ಬರೆದ ಮುಖವನ್ನು ನಿಮ್ಮ ಪೆನ್ಸಿಲಿನಿಂದ ತಿದ್ದಬೇಡಿ, ಚಿತ್ರದ ಕೆಳಗೆ ಅದರ ಹೆಸರನ್ನು ಅದರ ಕೈಯಿಂದಲೇ ಬರೆಯಿಸಿರಿ.