ಕಣ್ಣಿನ ಇಂಜೆಕ್ಷನ್‌ಗೆ ವಿಮೆ ಸಿಗುವುದಿಲ್ಲ ಎಂದರೆ ಏನು ಮಾಡಬೇಕು?

ಬಹುಕಾಲದ ಸಕ್ಕರೆ ಕಾಯಿಲೆ ಅಕ್ಷಿಪಟಲದ, ಅಂದರೆ ರೆಟಿನಾದ, ರಕ್ತನಾಳಗಳನ್ನು ಕೆಡಿಸಬಹುದು. ಲೇಸರ್, ಕಣ್ಣೊಳಗೆ ಕೊಡುವ ಇಂಜೆಕ್ಷನ್, ರಕ್ತಸ್ರಾವವಾದರೆ ಅಥವಾ ಅಕ್ಷಿಪಟಲ ಕಳಚಿದರೆ ವಿಟ್ರೆಕ್ಟಮಿ ಶಸ್ತ್ರಚಿಕಿತ್ಸೆ: ಇವು ಮುಖ್ಯ ಚಿಕಿತ್ಸೆಗಳು. ಇಂಜೆಕ್ಷನ್ ಮುಗಿಸಿ ಅದೇ ದಿನ ಮನೆಗೆ ಮರಳಬಹುದು. ಆದರೆ ಅದನ್ನು ಹಲವು ಬಾರಿ ತೆಗೆದುಕೊಳ್ಳಬೇಕಾಗುತ್ತದೆ, ಖರ್ಚೂ ಬೆಳೆಯುತ್ತದೆ. ಆಗ ವಿಮಾ ಕಂಪನಿ “24 ಗಂಟೆ ದಾಖಲಾಗಿಲ್ಲ” ಎಂದು ಕ್ಲೇಮ್ ತಳ್ಳಿಹಾಕಿದರೆ ಸುಮ್ಮನಾಗಬೇಡಿ.

ನಿಯಮ ಏನು ಹೇಳುತ್ತದೆ?

ವಿಮಾ ನಿಯಂತ್ರಣ ಪ್ರಾಧಿಕಾರ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಪಾಲಿಸಿಯಿಂದ ಹೊರಗಿಡಬಾರದ 12 ಆಧುನಿಕ ಚಿಕಿತ್ಸೆಗಳ ಪಟ್ಟಿಯಿದೆ. ಕಣ್ಣೊಳಗಿನ ಇಂಜೆಕ್ಷನ್ ಅದರಲ್ಲೊಂದು. ಡೇ ಕೇರ್ ಆಗಿ ಪಡೆದರೂ ಅದಕ್ಕೆ ರಕ್ಷಣೆಯುಂಟು. ಕಂಪನಿ ಹಣದ ಮಿತಿ ಹಾಕಿರಬಹುದು, ಪಾಲಿಸಿಯಲ್ಲಿ ಅದನ್ನು ಮೊದಲೇ ನೋಡಿಕೊಳ್ಳಿ.

ಚಿಕಿತ್ಸೆಗೆ ಮೊದಲು

ಈ ಇಂಜೆಕ್ಷನ್‌ಗೆ ಬಳಸುವ ಬೆವಾಸಿಜುಮ್ಯಾಬ್, ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ಔಷಧಗಳ ಬೆಲೆಯಲ್ಲಿ ಭಾರಿ ಅಂತರವಿದೆ. ಮೊದಲನೆಯದು ಮೂಲತಃ ಕ್ಯಾನ್ಸರ್ ಔಷಧ. ಯಾವುದನ್ನು ಕೊಡುತ್ತಾರೆ, ಏಕೆ, ಅಪಾಯವೇನು, ಬೇರೆ ದಾರಿ ಇದೆಯೇ ಎಂದು ಕೇಳಿ, ತಿಳಿದ ಮೇಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ. ತಿಳಿವಳಿಕೆಯ ಒಪ್ಪಿಗೆ ಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅಕ್ಷಿಪಟಲದ ಓಸಿಟಿ ಸ್ಕ್ಯಾನ್, ಬಿಲ್, ಔಷಧದ ಹೆಸರು ಮತ್ತು ಬ್ಯಾಚ್ ಸಂಖ್ಯೆ, ಡಿಸ್ಚಾರ್ಜ್ ಸಾರಾಂಶ ಜೋಪಾನವಾಗಿರಲಿ. ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು 2002ರ ವೈದ್ಯಕೀಯ ನೀತಿ ಸಂಹಿತೆಯ ನಿಯಮ.

ಕ್ಲೇಮ್ ತಿರಸ್ಕರಿಸಿದರೆ

1. ಪಾಲಿಸಿಯ ಯಾವ ಷರತ್ತಿನಡಿ ತಿರಸ್ಕರಿಸಿದ್ದಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

2. ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಮಕ್ಕಳ ಕಚೇರಿಯ ಗುಂಪು ವಿಮೆಯಲ್ಲಿರುವ ತಂದೆ ತಾಯಿಯ ಪರವಾಗಿಯೂ ಹೀಗೆಯೇ ಮಾಡಬಹುದು.

3. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

4. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಹೂಡಬಹುದು. ಆಯೋಗದಲ್ಲಿ ಬಾಕಿಯಿರುವ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ, ಆದ್ದರಿಂದ ಯಾವುದು ಮೊದಲೆಂದು ಯೋಚಿಸಿ ಹೆಜ್ಜೆಯಿಡಿ.

ವಿಮೆಯೇ ಇಲ್ಲದವರಿಗೆ

ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ನಿಮ್ಮ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಕಣ್ಣಿಗೆಂದೇ ಇರುವ ಮಿಂಟೋ ಸರ್ಕಾರಿ ಆಸ್ಪತ್ರೆ ಬೆಂಗಳೂರಿನಲ್ಲೇ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು.

ಅಕ್ಷಿಪಟಲ ಒಮ್ಮೆ ಹಾಳಾದರೆ ಹೋದ ನೋಟ ಪೂರ್ತಿ ಮರಳುವುದು ಕಷ್ಟ. ಕ್ಲೇಮ್ ಜಗಳ ಮುಗಿಯಲೆಂದು ಇಂಜೆಕ್ಷನ್ ಮುಂದೂಡಬೇಡಿ. ಚಿಕಿತ್ಸೆ ಮುಂದುವರಿಸಿ, ಕಾಗದಪತ್ರ ಕೂಡಿಡಿ, ನಿಮ್ಮ ಹಕ್ಕನ್ನು ಬರಹದಲ್ಲೇ ಕೇಳಿ.