ಮೋಡದೊಳಗಿನ ಹಿಮಬೀಜಗಳು ಮತ್ತು ಅವುಗಳ ಪರೀಕ್ಷೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಯ ಭಾಗಕ್ಕೆ ತಲಪದ ವರ್ಷಗಳಲ್ಲಿ ಪೋತ್ನಾಳ ಸೀಮೆಯ ರೈತನಿಗೆ ಆಕಾಶವೇ ಗತಿ. ಕವಿದ ಮೋಡವು ಹನಿಯನ್ನೂ ಸುರಿಸದೆ ಚದುರಿದಾಗ, ವಿಮಾನದಿಂದ ಮೋಡಬಿತ್ತನೆ ಮಾಡಿಸಬಾರದೇಕೆಂದು ಕೇಳುವವರುಂಟು. ಇದರ ಉತ್ತರವು ಮೋಡದೊಳಗಿನ ಧೂಳಿನ ಗುಣವನ್ನು ಅವಲಂಬಿಸಿದೆ.

1. ಹಿಮಬೀಜವೆಂದರೇನು?

ಮೋಡದ ಶುದ್ಧ ಜಲಕಣವು ಸೊನ್ನೆ ಡಿಗ್ರಿ ಸೆಂಟಿಗ್ರೇಡಿಗೇ ಹೆಪ್ಪುಗಟ್ಟುವುದಿಲ್ಲ. ಸೊನ್ನೆಗಿಂತ ಸುಮಾರು 38 ಡಿಗ್ರಿ ಕೆಳಗಿನವರೆಗೂ ನೀರಾಗಿಯೇ ಉಳಿಯಬಲ್ಲದು. ಅದಕ್ಕೆ ಮೊದಲೇ ಹಿಮವಾಗಲು ತಕ್ಕ ಕಣವೊಂದರ ಆಸರೆ ಬೇಕು, ಅದೇ ಹಿಮಬೀಜ. ಒಣನೆಲದ ಖನಿಜಧೂಳು, ಕೆಲವು ಪರಾಗಗಳು, ಎಲೆಗಳ ಮೇಲಿನ ಕೆಲವು ಸೂಕ್ಷ್ಮಾಣುಗಳು ಈ ಕೆಲಸ ಮಾಡುತ್ತವೆ. ಹಿಮದ ಹರಳು ಸುತ್ತಣ ನೀರಾವಿಯನ್ನು ಹೀರಿ ಬೆಳೆದು, ಇಳಿಯುವಾಗ ಕರಗಿ ಮಳೆಹನಿಯಾಗುತ್ತದೆ. ಆದರೆ ಇಂತಹ ಬೀಜಗಳು ಬಹು ವಿರಳ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು ಒಂದು ಮಾತ್ರ ಈ ಕೆಲಸಕ್ಕೆ ಬರುತ್ತದೆ.

2. ಪರೀಕ್ಷೆಯ ಕ್ರಮ

ಬಿತ್ತನೆಗೆ ಮುಂಚೆ ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆಯೆಣಿಸುವ ಪದ್ಧತಿಯನ್ನು ರೈತರು ಬಲ್ಲರು. ಇದೂ ಹಾಗೆಯೇ. ಗಾಳಿಯನ್ನು ಸೋಸುಹಾಳೆಯ ಮೂಲಕ ಎಳೆದು ಕಣಗಳನ್ನು ಹಿಡಿದು, ಶುದ್ಧ ನೀರಿನಲ್ಲಿ ತೊಳೆದು, ಆ ನೀರನ್ನು ಸಣ್ಣ ಹನಿಗಳಾಗಿ ವಿಂಗಡಿಸಿ ಮೆಲ್ಲನೆ ತಂಪುಗೊಳಿಸುತ್ತಾರೆ. ಎಷ್ಟು ಚಳಿಗೆ ಎಷ್ಟು ಹನಿ ಹೆಪ್ಪುಗಟ್ಟಿತೆಂಬುದರಿಂದ ಹಿಮಬೀಜಗಳ ಲೆಕ್ಕ ದೊರೆಯುತ್ತದೆ. ಬರಿಯ ಶುದ್ಧ ನೀರಿನ ಹನಿಗಳನ್ನೂ ಜೊತೆಗಿಟ್ಟು ತಾಳೆ ನೋಡುತ್ತಾರೆ.

3. ನಗರದ ಹೊಗೆ

ನಗರದ ಗಾಳಿಯಲ್ಲಿ ಕಣಗಳು ಹೇರಳವಾದುದರಿಂದ ಹಿಮಬೀಜಗಳೂ ಹೇರಳವೆಂದು ತಿಳಿಯಬಾರದು. ಚೀನಾದ ಬೀಜಿಂಗಿನಲ್ಲಿ ಹೀಗೆ ಅಳೆದು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೊಗೆ ದಟ್ಟವಾದ ದಿನಗಳಲ್ಲಿಯೂ ಹಿಮಬೀಜಗಳು ಹೆಚ್ಚಲಿಲ್ಲ. ಹೊಗೆಯ ಕಣಗಳು ಮೋಡದ ನೀರನ್ನು ಅತಿ ಸಣ್ಣ ಹನಿಗಳಾಗಿ ಹಂಚಿ, ಮಳೆಯನ್ನು ತಡೆಯುವುದೂ ಉಂಟು.

4. ಬಿತ್ತನೆಯ ಫಲ

ಸಿಲ್ವರ್ ಅಯೋಡೈಡಿನ ಹರಳು ಹಿಮದ ಹರಳನ್ನು ಹೋಲುವುದೆಂಬುದನ್ನು ಹಿಡಿದು, ಅದು ಹಿಮಬೀಜವಾಗಬಲ್ಲದೆಂದು ಅಮೆರಿಕದ ಬರ್ನಾರ್ಡ್ ವಾನೆಗಟ್ಟರು 1946ರಲ್ಲಿ ತೋರಿಸಿದರು. ಕರ್ನಾಟಕದಲ್ಲಿ 2017ರ ‘ವರ್ಷಧಾರಿ’ ಯೋಜನೆಗೆ ಬೆಂಗಳೂರು, ಗದಗ ಮತ್ತು ನಮ್ಮ ನೆರೆಯ ಸುರಪುರಗಳಲ್ಲಿ ರೇಡಾರುಗಳನ್ನು ಸ್ಥಾಪಿಸಲಾಗಿತ್ತು. ಪುಣೆಯ ಹವಾಮಾನ ಸಂಶೋಧನ ಸಂಸ್ಥೆಯವರು 2018 ಮತ್ತು 2019ರಲ್ಲಿ ಸೊಲ್ಲಾಪುರದ ಬಳಿ ಮೋಡಗಳ ಬುಡದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಲವಣವನ್ನು ಬಿತ್ತಿ ಪರೀಕ್ಷಿಸಿದಾಗ, ಗಾಳಿ ಸಾಗುವ ದಿಕ್ಕಿನ ನೂರು ಚದರ ಕಿಲೋಮೀಟರಿನಲ್ಲಿ ಮಳೆ ಸರಾಸರಿ ಶೇಕಡ 18ರಷ್ಟು ಹೆಚ್ಚಿತು. ಎಂದರೆ 10 ಮಿಲಿಮೀಟರ್ ಬೀಳುವಲ್ಲಿ ಸುಮಾರು 12. ಮೋಡವೇ ಇಲ್ಲದ ದಿನ ಈ ಹೆಚ್ಚಳ ಸೊನ್ನೆ. ಹದವಿಲ್ಲದ ನೆಲಕ್ಕೆ ಬೀಜ ಚೆಲ್ಲಿದರೆ ಬೆಳೆಯುಂಟೆ?

5. ಗ್ರಾಮದ ಮುಖ್ಯಸ್ಥರ ಕರ್ತವ್ಯ

ಆದಕಾರಣ ಮೋಡಬಿತ್ತನೆಯ ಮಾತನ್ನು ನಂಬುವುದಕ್ಕೂ ತಳ್ಳುವುದಕ್ಕೂ ಮೊದಲು ಅಳತೆ ಬೇಕು. ಗೌಡರೂ ಭೂಮಾಲಿಕರೂ ಗಿಡ ಗೋಡೆಗಳ ಎತ್ತರದ ಎರಡರಷ್ಟು ದೂರದ ಬಯಲಿನಲ್ಲಿ ಮಳೆಮಾಪಕವನ್ನಿಟ್ಟು, ದಿನವೂ ಬೆಳಗಿನ ಎಂಟೂವರೆಗೆ ಅಳೆದು ಬರೆದಿಡತಕ್ಕದ್ದು. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಇಂತಹ ಹಲವು ವರ್ಷಗಳ ಲೆಕ್ಕವಿಲ್ಲದೆ, ಬಿದ್ದ ಮಳೆಯಲ್ಲಿ ವಿಮಾನದ ಪಾಲೆಷ್ಟು, ದೈವದ ಪಾಲೆಷ್ಟು ಎಂಬುದನ್ನು ಯಾರೂ ಹೇಳಲಾರರು.